ಮಾತು ಬಾಯಿಪಾಠ ಆದ ಮೇಲೆ ಶುರುವಾಗುವ ಕೆಲಸ

ಹಾಸನದ ಯಾವ ಕಾಲೇಜಿನ ನಾಟಕ ತಂಡಕ್ಕಾದರೂ ಹೋಗಿ "ತಾಲೀಮು ಎಲ್ಲಿಗೆ ಬಂತು?" ಅಂತ ಕೇಳಿ. "ಮಾತೆಲ್ಲ ಬಾಯಿಪಾಠ ಆಗಿದೆ ಸರ್, ಇನ್ನು ಶೋ ಒಂದು ಬಾಕಿ" ಅನ್ನುತ್ತಾರೆ. ಬಾಯಿಪಾಠ ಆಯಿತು ಅಂದರೆ ಕೈಯಲ್ಲಿದ್ದ ಹಾಳೆ ಹೋಯಿತು, ಎದುರಿನವರ ಮುಖ ನೋಡಲು ಪುರುಸೊತ್ತು ಸಿಕ್ಕಿತು ಅಂತ ಅಷ್ಟೇ. ನಟನೆ ಕಲಿಯುವುದು ಅಲ್ಲಿಂದ ಮುಂದೆ. ಅದರಲ್ಲೂ ಮುಕ್ಕಾಲು ಪಾಲು ತಾಲೀಮಿನ ಕೋಣೆಯಲ್ಲಿ ಸಿಗುವಂಥದ್ದಲ್ಲ, ಜನರ ಮುಂದೆ ಆಡಿದಾಗ ಸಿಗುವಂಥದ್ದು.

ಉದಾಹರಣೆಗೆ ಒಂದು ಪುಟ್ಟ ದೃಶ್ಯ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆಯ ಒಂದು ಮನೆ, ಸಂಜೆ. ಅಣ್ಣನಿಗೆ ಕಾಫಿ ತೋಟ ಮಾರಬೇಕು, ತಮ್ಮನಿಗೆ ಇಷ್ಟವಿಲ್ಲ.

ಅಣ್ಣ: ಬ್ರೋಕರ್ ನಾಳೆ ಬರ್ತಾನೆ. ಪೇಪರ್ ಎಲ್ಲ ರೆಡಿ ಇದೆ ಕಣೋ. ನಿಂದೊಂದು ಸೈನ್ ಸಾಕು.
ತಮ್ಮ: ಕಾಫಿ ಕುಡಿಯಣ್ಣ, ಆರೋಗುತ್ತೆ.
ಅಣ್ಣ: ಸೈನ್ ಹಾಕಲ್ಲ ಅಂತ ನಿಮ್ಮತ್ತಿಗೆ ಹತ್ರ ಹೇಳಿದ್ಯಂತೆ.
ತಮ್ಮ: ಹಾಕಲ್ಲ ಅಂತ ನಾನು ಹೇಳಲಿಲ್ಲ.

ಬಾಯಿಪಾಠದ ವಿಷಯವನ್ನು ಮೊದಲು ಮುಗಿಸಿಬಿಡೋಣ. ರಾಗ ಹಾಕಿ ಕಲಿಯಬೇಡಿ. ಮನೆಯಲ್ಲಿ ಒಬ್ಬರೇ ಕೂತು ಕೋಪ, ಅಳು, ವ್ಯಂಗ್ಯ ಎಲ್ಲ ಬೆರೆಸಿ ಕಲಿತರೆ ಆ ಏರಿಳಿತವೂ ಮಾತಿನ ಜೊತೆ ಗಟ್ಟಿಯಾಗುತ್ತದೆ. ಆಮೇಲೆ ಎದುರಿನ ನಟ ಎಷ್ಟೇ ಬೇರೆ ಥರ ಹೇಳಿದರೂ ನಿಮ್ಮ ಬಾಯಿಂದ ಬರುವುದು ಅದೇ ರಾಗ. ಸಪ್ಪೆಯಾಗಿ, ಭಾವ ಬೆರೆಸದೆ, ಓಡಾಡುತ್ತ ಕಲಿಯಿರಿ. ಸ್ಕ್ರಿಪ್ಟನ್ನು ಹಾಳೆಯ ಒಂದೇ ಬದಿಗೆ ಪ್ರಿಂಟ್ ತೆಗೆಸಿದರೆ ಎದುರಿನ ಖಾಲಿ ಬದಿಯಲ್ಲಿ ಚಲನೆ ಬರೆದುಕೊಳ್ಳಬಹುದು. ಪೆನ್ಸಿಲ್ಲಿನಲ್ಲೇ ಬರೆಯಿರಿ, ಚಲನೆ ಬದಲಾಗುತ್ತಲೇ ಇರುತ್ತದೆ. ಪ್ರದರ್ಶನಕ್ಕೆ ವಾರ ಇರುವಾಗ ಒಂದು ಸ್ಪೀಡ್ ರನ್ ಮಾಡಿ: ಎಲ್ಲರೂ ವೃತ್ತಾಕಾರ ಕೂತು, ಅಭಿನಯ ಬಿಟ್ಟು, ಬರೀ ಮಾತನ್ನು ಆದಷ್ಟು ವೇಗವಾಗಿ ಹೇಳುವುದು. ಒಂದು ಗಂಟೆಯ ನಾಟಕ 40 ನಿಮಿಷದೊಳಗೆ ಮುಗಿಯಬೇಕು. ಎಲ್ಲಿ ತಡವರಿಸುತ್ತೀರೋ ಅಲ್ಲಿ ಮಾತು ಇನ್ನೂ ಕೂತಿಲ್ಲ.

ಕ್ರಿಯಾಪದ ನುಂಗುವ ಕಾಯಿಲೆ

ಕನ್ನಡದಲ್ಲಿ ಹೌದೋ ಅಲ್ಲವೋ, ಬಂದನೋ ಬಂದಳೋ, ಮಾಡಿದನೋ ಮಾಡಿಸಿದನೋ, ಎಲ್ಲ ತೀರ್ಮಾನವಾಗುವುದು ವಾಕ್ಯದ ಕೊನೆಯಲ್ಲಿ. ಹೊಸ ನಟರ ಉಸಿರು ಮುಗಿಯುವುದೂ ಅಲ್ಲೇ. ತಮ್ಮನ ಪಾತ್ರದವನು "ಹಾಕಲ್ಲ ಅಂತ ನಾನು" ಎನ್ನುವಷ್ಟನ್ನು ಗಟ್ಟಿಯಾಗಿ ಹೇಳಿ "ಹೇಳಲಿಲ್ಲ"ದ ಕೊನೆಯನ್ನು ನುಂಗಿದರೆ, ಹಿಂದಿನ ಸಾಲಿನವರಿಗೆ ಅವನು ಸೈನ್ ಹಾಕಲ್ಲ ಅಂತ ಖಡಾಖಂಡಿತವಾಗಿ ಹೇಳಿದ ಹಾಗೆ ಕೇಳುತ್ತದೆ. ಕಥೆಯೇ ತಿರುಗಿ ಬೀಳುತ್ತದೆ. "ಜೋರಾಗಿ ಮಾತಾಡು" ಅಂತ ನಿರ್ದೇಶಕರು ಕೂಗಿದರೆ ವಾಕ್ಯದ ಮೊದಲರ್ಧ ಮಾತ್ರ ಇನ್ನಷ್ಟು ಜೋರಾಗುತ್ತದೆ, ಬಾಲ ಹಾಗೇ ಉಳಿಯುತ್ತದೆ.

ಪರೀಕ್ಷೆ ಸುಲಭ. ನಾಟಕ ಗೊತ್ತಿಲ್ಲದ ಗೆಳೆಯನೊಬ್ಬನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ನಿಮ್ಮ 20 ಮಾತುಗಳ ಕೊನೆಯ ಪದ ಮಾತ್ರ ಬರೆದುಕೊಳ್ಳಲು ಹೇಳಿ. ಸ್ಕ್ರಿಪ್ಟಿನ ಜೊತೆ ತಾಳೆ ನೋಡಿ. ನಾಲ್ಕೈದು ತಪ್ಪಿದ್ದರೂ ಕೆಲಸ ಇದೆ ಅಂತ ಅರ್ಥ.

ಕಾರಣ ಎರಡು ಇರಬಹುದು. ಒಂದು, ಉಸಿರು ನಿಜವಾಗಿಯೂ ಸಾಲದೆ ಹೋಗುವುದು. ಇದಕ್ಕೆ ಸ್ಕ್ರಿಪ್ಟಿನಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಗೀಟು ಹಾಕಿಕೊಳ್ಳಬೇಕು. ಜೊತೆಗೆ ದಿನವೂ ಅಭ್ಯಾಸ: ಭುಜ ಎತ್ತದೆ, ಹೊಟ್ಟೆ ಮುಂದಕ್ಕೆ ಬರುವಂತೆ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆಮೇಲೆ "ಸ್" ಅಂತ ಒಂದೇ ಸಮನೆ ಹೊರಗೆ. ಮೊದಮೊದಲು 12-15 ಸೆಕೆಂಡಿಗೆ ನಿಲ್ಲುತ್ತದೆ. 25ರ ತನಕ ಬಂದರೆ ಉದ್ದನೆಯ ಮಾತಿಗೂ ಸಾಕು. ಸದ್ದು ನಡುಗಿದರೆ ಅಥವಾ ಕೊನೆಯಲ್ಲಿ ಕುಸಿದರೆ ಲೆಕ್ಕಕ್ಕಿಲ್ಲ.

ಎರಡನೆಯ ಕಾರಣ ಮನಸ್ಸಿನದು. ಬಾಯಿ ಇನ್ನೂ ಈ ಮಾತಿನಲ್ಲಿದೆ, ತಲೆ ಮುಂದಿನ ಮಾತಿಗೆ ಹೋಗಿಯಾಗಿದೆ. ಇದಕ್ಕೆ ಮಾತನ್ನು ಬಾಲದಿಂದ ಕಟ್ಟಿ: "ಹೇಳಲಿಲ್ಲ." "ನಾನು ಹೇಳಲಿಲ್ಲ." "ಹಾಕಲ್ಲ ಅಂತ ನಾನು ಹೇಳಲಿಲ್ಲ." ಹಾಗಂತ ಪ್ರತಿ ಕ್ರಿಯಾಪದವನ್ನೂ ಗುದ್ದಿ ಹೇಳಬಾರದು, ಭಾಷಣ ಆಗಿಬಿಡುತ್ತದೆ. ಸ್ವರ ಇಳಿಯಲಿ, ಉಸಿರಿನ ಒತ್ತಡ ಇಳಿಯದಿರಲಿ.

ಇನ್ನು ಹಕಾರ. ನಮ್ಮ ಸೀಮೆಯ ಆಡುಮಾತಿನಲ್ಲಿ ಅದು ಬಿದ್ದುಹೋಗುವುದು ಸಾಮಾನ್ಯ. ಮೇಲಿನಂಥ ಸಾಮಾಜಿಕ ದೃಶ್ಯದಲ್ಲಿ ಅದು ಪಾತ್ರಕ್ಕೆ ಒಪ್ಪುತ್ತದೆಯೇ ಅಂತ ನೋಡಿ ತೀರ್ಮಾನಿಸಿ, ಒಪ್ಪಿದರೆ ಮುಜುಗರ ಬೇಡ. ಪೌರಾಣಿಕದಲ್ಲಿ ಮಾತ್ರ "ಆಸ್ತಿನಾಪುರ" ಅಂದರೆ ಮುಂದಿನ ಸಾಲಿನ ಅಜ್ಜಂದಿರೇ ಕೂತಲ್ಲಿಂದ ತಿದ್ದುತ್ತಾರೆ. ತಿದ್ದಿಕೊಳ್ಳಲು ಹೋಗಿ "ಹರ್ಜುನ" ಅನ್ನುವವರೂ ಇದ್ದಾರೆ. ಬಾಯಿಯ ಮುಂದೆ ಅಂಗೈ ಹಿಡಿದು ಹಾಲು, ಹಠ, ಹಣ ಅನ್ನಿ. ಅಂಗೈಗೆ ಗಾಳಿ ತಾಕಬೇಕು. ಆಮೇಲೆ ಆಸೆ, ಅರಸ, ಅರ್ಜುನ ಅನ್ನಿ. ತಾಕಬಾರದು.

ಕಿರುಚುವ ದೃಶ್ಯಗಳನ್ನು ದಿನಾ ಪೂರ್ತಿ ದನಿಯಲ್ಲಿ ತಾಲೀಮು ಮಾಡಿದರೆ ಪ್ರದರ್ಶನದ ದಿನ ಗಂಟಲು ಇರುವುದಿಲ್ಲ. ಅರ್ಧ ದನಿಯಲ್ಲಿ ಮಾಡಿ, ಕೊನೆಯ ಎರಡು ಮೂರು ರಿಹರ್ಸಲ್ಲಿಗೆ ಮಾತ್ರ ಪೂರ್ತಿ ಬಿಡಿ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ನಂಬಿಕೊಂಡು ಕೂರದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಕೇಳಿಸಿಕೊಳ್ಳುವುದು

ಹೊಸಬರಲ್ಲಿ ಇನ್ನೊಂದು ಅಭ್ಯಾಸ: ಎದುರಿನವರ ಮಾತಿನ ಕೊನೆಯ ಎರಡು ಪದವನ್ನು ಕ್ಯೂ, ಅಂದರೆ ತನ್ನ ಸರದಿಯ ಸೂಚನೆ, ಅಂತ ಗುರುತು ಮಾಡಿಕೊಂಡು, ಅದು ಬರುವ ತನಕ ಸುಮ್ಮನೆ ಕಾಯುವುದು. ಕಾಯುವವರ ಕಣ್ಣು ಖಾಲಿ ಇರುತ್ತದೆ, ಅದು ಹತ್ತನೇ ಸಾಲಿಗೂ ಕಾಣುತ್ತದೆ. ಕ್ಯೂ ಪದದ ಬದಲು ಚುಚ್ಚುವ ಪದ ಹುಡುಕಿ. ಅಣ್ಣನ ಎರಡನೇ ಮಾತಿನಲ್ಲಿ ತಮ್ಮನನ್ನು ಚುಚ್ಚುವುದು "ಸೈನ್" ಅಲ್ಲ, "ನಿಮ್ಮತ್ತಿಗೆ." ಮನೆಯೊಳಗೆ ಆಡಿದ ಮಾತು ಆಚೆ ಬಂದಿದೆ ಅನ್ನುವುದು ಅವನಿಗೆ ತಿಳಿಯುವುದು ಅಲ್ಲಿ. ಹಾಗಾಗಿ ಮುಖದಲ್ಲಿ ಬದಲಾವಣೆ ಆ ಪದಕ್ಕೇ ಶುರುವಾಗಬೇಕು. ಉತ್ತರಕ್ಕೆ ಬೇಕಾದ ಉಸಿರು ಅಣ್ಣನ ಕ್ರಿಯಾಪದ "ಹೇಳಿದ್ಯಂತೆ" ಮುಗಿಯುವಾಗ ಒಳಗೆ ಹೋಗಬೇಕು. ಅವನ ಮಾತು ಮುಗಿದು, ಆಮೇಲೆ ಉಸಿರೆಳೆದು, ಆಮೇಲೆ ಮಾತಾಡಿದರೆ ಪ್ರತಿ ಸಲವೂ ಒಂದು ಸೆಕೆಂಡು ಹೋಗುತ್ತದೆ. ಮುನ್ನೂರು ಮಾತಿನ ನಾಟಕದಲ್ಲಿ ಅದು ಐದು ನಿಮಿಷದ ಸತ್ತ ಹೊತ್ತು. "ನಾಟಕ ಎಳೀತು" ಅಂತ ಜನ ಅನ್ನುವುದು ಬಹಳ ಸಲ ಇದಕ್ಕೇ. ನಿರ್ದೇಶಕರು ಅದನ್ನು ಕೇಳಿ ದೃಶ್ಯ ಕತ್ತರಿಸಲು ಹೋಗುತ್ತಾರೆ.

ಭಾವದ ವಿಷಯ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಒಬ್ಬರಾದ ಸ್ತಾನಿಸ್ಲಾವ್‌ಸ್ಕಿ ಬದುಕಿನ ಕೊನೆಯ ವರ್ಷಗಳಲ್ಲಿ ದೈಹಿಕ ಕ್ರಿಯೆಗೆ ಹೆಚ್ಚು ಒತ್ತು ಕೊಟ್ಟರು. ಭರತನ ರಸಸೂತ್ರದಲ್ಲೂ ರಸಕ್ಕೆ ದಾರಿ ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಮೂಲಕ, ಅಂದರೆ ಕಾರಣ, ಅದರಿಂದ ಮೈಯಲ್ಲಿ ಕಾಣುವುದು, ಬಂದು ಹೋಗುವ ಭಾವಗಳು. ಎರಡೂ ಕಡೆ ವಿದ್ಯಾರ್ಥಿಗೆ ಸಿಗುವ ಸಲಹೆ ಒಂದೇ: "ಈಗ ದುಃಖ ತರುತ್ತೇನೆ" ಅಂತ ಹೊರಟರೆ ಹುಬ್ಬು ಗಂಟಿಕ್ಕುತ್ತದೆಯೇ ಹೊರತು ದುಃಖ ಬರುವುದಿಲ್ಲ. ಎದುರಿನವರಿಗೆ ಏನು ಮಾಡಲು ಹೊರಟಿದ್ದೀರಿ ಅನ್ನುವುದನ್ನು ಒಂದು ಕ್ರಿಯಾಪದದಲ್ಲಿ ಬರೆದುಕೊಳ್ಳಿ. ಅಣ್ಣನ ಮೊದಲ ಮಾತಿಗೆ "ಅವಸರಪಡಿಸು," ಎರಡನೆಯದಕ್ಕೆ "ಸಿಕ್ಕಿಹಾಕಿಸು." ತಮ್ಮನ "ಕಾಫಿ ಕುಡಿಯಣ್ಣ"ಕ್ಕೆ "ಮಾತು ತಪ್ಪಿಸು." ಅದೇ ಸಾಲನ್ನು "ಓಲೈಸು" ಅಂತ ಹೇಳಿ ನೋಡಿ, "ಎಚ್ಚರಿಸು" ಅಂತ ಹೇಳಿ ನೋಡಿ. ಮೂರು ಬೇರೆ ಬೇರೆ ತಮ್ಮಂದಿರು ಸಿಗುತ್ತಾರೆ. "ಕೋಪದಿಂದ," "ಬೇಸರದಿಂದ" ಅಂತ ಮಾರ್ಜಿನ್ನಿನಲ್ಲಿ ಬರೆದದ್ದನ್ನೆಲ್ಲ ಅಳಿಸಿ.

ಕೈ ಎಲ್ಲಿಡೋದು?

ಕೈ ತೊಡಕಾಗುವುದು ಅದಕ್ಕೆ ಕೆಲಸ ಇಲ್ಲದಾಗ. ಕಾಫಿ ಲೋಟ ಕೊಟ್ಟರೆ ಆಯಿತು ಅಂದುಕೊಳ್ಳುವಂತೆಯೂ ಇಲ್ಲ. ಖಾಲಿ ಲೋಟ ಖಾಲಿ ಅಂತ ಕಾಣುತ್ತದೆ, ಕೈ ಅದನ್ನು ಸುಳ್ಳು ಸುಳ್ಳೇ ಎತ್ತುತ್ತದೆ. ಮೂರನೇ ಒಂದು ಭಾಗ ಉಗುರುಬೆಚ್ಚಗಿನ ನೀರಾದರೂ ಇರಲಿ, ನಿಜಕ್ಕೂ ಕುಡಿಯಿರಿ. ಗುಟುಕನ್ನು ನಿಮ್ಮ ಮಾತು ಶುರುವಾಗುವ ಮುಂಚೆ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ನೆತ್ತಿಗೆ ಹತ್ತುತ್ತದೆ. ಎದುರಿನವರ ಉದ್ದನೆಯ ಮಾತಿನ ಆರಂಭದಲ್ಲಿ ಇಟ್ಟುಕೊಳ್ಳಿ. ಸ್ಟೀಲ್ ಲೋಟವನ್ನು ಟೇಬಲ್ ಮೇಲೆ ಇಡುವ ಸದ್ದೂ ಒಂದು ಮಾತೇ. ಯಾವ ಪದ ಆದ ಮೇಲೆ ಇಡುತ್ತೀರಿ ಅನ್ನುವುದು ನಿಗದಿಯಾಗಿರಬೇಕು, ಇಲ್ಲದಿದ್ದರೆ ಅದು ಯಾವುದಾದರೂ ಮುಖ್ಯ ಪದದ ಮೇಲೇ ಬೀಳುತ್ತದೆ.

ಭಾರದ ವಿಷಯದಲ್ಲಿ ಕಾಲೇಜು ನಾಟಕಗಳು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಕಾಫಿ ಮೂಟೆ ಅಂದರೆ 50 ಕೆಜಿ. ಅದಕ್ಕೆ ಹುಲ್ಲು ತುಂಬಿ, ಬೆನ್ನ ಮೇಲೆ ಹೊತ್ತು ಎರಡು ಹೆಜ್ಜೆಯಲ್ಲಿ ರಂಗ ದಾಟುವವರನ್ನು ಈ ಸೀಮೆಯ ಪ್ರೇಕ್ಷಕರು ನಂಬುವುದಿಲ್ಲ, ಅವರಲ್ಲಿ ಅರ್ಧ ಜನ ಮೂಟೆ ಹೊತ್ತವರೋ ಹೊರಿಸಿದವರೋ ಆಗಿರುತ್ತಾರೆ. ಮೂಟೆಯ ತಳಕ್ಕೆ ಹತ್ತು ಕೆಜಿ ಮರಳು, ಮೇಲೆ ಹೊಟ್ಟು ತುಂಬಿ. ಉಳಿದ 40 ಕೆಜಿ ನಟನೆ. ಎತ್ತುವ ಮುಂಚೆ ಕಾಲು ಅಗಲವಾಗುತ್ತದೆ, ಮಂಡಿ ಬಾಗುತ್ತದೆ, ಎತ್ತುವ ಕ್ಷಣಕ್ಕೆ ಉಸಿರು ಕಟ್ಟುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಇಳಿಸಿದ ಮೇಲೂ ಬೆನ್ನು ತಕ್ಷಣ ನೆಟ್ಟಗಾಗುವುದಿಲ್ಲ. ಎಲ್ಲರೂ ಮರೆಯುವುದು ಈ ಕೊನೆಯದನ್ನು. ಸೂಟ್‌ಕೇಸಿಗೂ ಇದೇ ಮಾತು: ನಾಲ್ಕೈದು ಕೆಜಿ ಹಳೇ ಪುಸ್ತಕ ತುಂಬಿ.

ಪಂಚೆ ಉಡುವ ಪಾತ್ರಕ್ಕೆ ಜೀನ್ಸಿನಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಗ್ರ್ಯಾಂಡ್ ರಿಹರ್ಸಲ್ ದಿನ ಪಂಚೆ ಉಟ್ಟರೆ ನಡಿಗೆ, ಕೂರುವುದು, ಮೆಟ್ಟಿಲು ಎಲ್ಲ ಹೊಸದಾಗುತ್ತದೆ. ಎರಡನೇ ವಾರದಿಂದಲೇ ಉಡಿ. ಸೀರೆಗೂ ಅಷ್ಟೇ. ಚಪ್ಪಲಿ ಹಾಕುವ ಪಾತ್ರವಾದರೆ ಅದೇ ಚಪ್ಪಲಿಯಲ್ಲಿ ತಾಲೀಮು.

ನಿಂತಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ತೂಗಾಡುವವರು ಒಂದು ಕೆಲಸ ಮಾಡಿ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಆಭರಣ ಬಿಟ್ಟು ಬರೀ ತೂಕಕ್ಕಾಗಿ ನೋಡಿ: ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ಹೋಗಿದೆ, ಅದಕ್ಕೆ ತಕ್ಕಂತೆ ಭುಜ, ತಲೆ ಎತ್ತ ವಾಲಿವೆ. ಆ ಭಂಗಿಯನ್ನು ರಂಗಕ್ಕೆ ತರಬೇಡಿ, ವೇಷ ಹಾಕಿದ ಹಾಗಾಗುತ್ತದೆ. ಆ ನಿಲುವಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಯಾವ ಕಾಲು ಮೊದಲು ಏಳಬೇಕು ಅಂತ ಮೈಯಲ್ಲಿ ಮಾಡಿ ನೋಡಿ. ಭಾರ ಒಂದು ಕಡೆ ಇದ್ದಾಗ ಹೆಜ್ಜೆ ತೀರ್ಮಾನವಾಗಿಯೇ ಹೊರಡುತ್ತದೆ. ಎರಡೂ ಕಾಲಿಗೆ ಅರೆಬರೆ ಹಂಚಿದ್ದಾಗ ತೂಗಾಟ ಶುರುವಾಗುತ್ತದೆ.

ರಂಗದ ಭೂಗೋಳ ಚಿಕ್ಕದು. ಎಡ ಬಲ ಯಾವಾಗಲೂ ಪ್ರೇಕ್ಷಕರ ಕಡೆ ಮುಖ ಮಾಡಿದ ನಟರದ್ದು. ಹಿಂಭಾಗವನ್ನು ಅಪ್ ಸ್ಟೇಜ್ ಅನ್ನುವುದು ಹಿಂದೆ ಯುರೋಪಿನಲ್ಲಿ ರಂಗ ಹಿಂದಕ್ಕೆ ಏರಾಗಿ ಇರುತ್ತಿದ್ದರಿಂದ. ಇಬ್ಬರು ಮಾತಾಡುವಾಗ ಪೂರ್ತಿ ಎದುರುಬದುರು ನಿಂತರೆ ಜನರಿಗೆ ಕಾಣುವುದು ಎರಡು ಕಿವಿ. ಮೈಯನ್ನು ಸುಮಾರು 45 ಡಿಗ್ರಿ ಪ್ರೇಕ್ಷಕರತ್ತ ತೆರೆದಿಡಿ. ಒಬ್ಬ ಇನ್ನೊಬ್ಬನಿಗಿಂತ ಎರಡು ಹೆಜ್ಜೆ ಹಿಂದೆ ಸರಿದರೆ ಮುಂದಿರುವವನು ಬೆನ್ನು ತಿರುಗಿಸಲೇಬೇಕಾಗುತ್ತದೆ. ಬೇಕಂತಲೇ ಇದನ್ನು ಮಾಡುವ ಸಹನಟರೂ ಸಿಗುತ್ತಾರೆ. ಜಗಳ ಬೇಡ, ಮಾತು ಮುಗಿಸಿ ನೀವೂ ಅವರ ಸಾಲಿಗೆ ನಡೆದುಬಿಡಿ.

ಜಾಗ ಬದಲಾದಾಗ

ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಗೆದ್ದ ನಾಟಕ ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದಲ್ಲಿ, ಅಥವಾ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ತಾನೇ ತಾನಾಗಿ ಗೆಲ್ಲುವುದಿಲ್ಲ. ಜಾಗಕ್ಕೆ ಹೋದ ತಕ್ಷಣ ರಂಗದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು ಉಳಿದುಕೊಂಡರೆ ಆ ಹಾಲಿನಲ್ಲಿ ನಿಧಾನವಾಗಿ ಮಾತಾಡಬೇಕು. ದನಿ ಏರಿಸಿದಷ್ಟೂ ಪ್ರತಿಧ್ವನಿ ಹೆಚ್ಚಿ ಮಾತು ಕಲಸಿಹೋಗುತ್ತದೆ. ಜನ ತುಂಬಿದ ಮೇಲೆ ಈ ಪ್ರತಿಧ್ವನಿ ಸ್ವಲ್ಪ ಕಡಿಮೆಯಾಗುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ. ಬಯಲಿನಲ್ಲಾದರೆ ಸದ್ದು ವಾಪಸ್ ಬರುವ ಗೋಡೆಯೇ ಇಲ್ಲ, ಮುಖ ಎತ್ತ ತಿರುಗುತ್ತದೋ ದನಿಯೂ ಅತ್ತಲೇ.

ಕಾಲರ್ ಮೈಕ್ ಇದ್ದರೆ ಗದ್ದದಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಕೆಳಗೆ ಸಿಕ್ಕಿಸಿ. ಶಲ್ಯ ಅದಕ್ಕೆ ಉಜ್ಜಿದರೆ ಇಡೀ ಹಾಲಿಗೆ ಪರಪರ ಸದ್ದು. ಅಪ್ಪಿಕೊಳ್ಳುವ ದೃಶ್ಯವನ್ನು ಮೈಕ್ ಹಾಕಿಕೊಂಡೇ ಒಮ್ಮೆ ತಾಲೀಮು ಮಾಡಿ. ವಿಂಗಿಗೆ, ಅಂದರೆ ರಂಗದ ಪಕ್ಕದ ಮರೆಗೆ, ಬಂದ ಮೇಲೆ ಅದು ಆನ್ ಇರುತ್ತದೆ ಅನ್ನುವುದನ್ನು ಮರೆತು ಆಡಿದ ಮಾತು ಸಭಾಂಗಣಕ್ಕೆಲ್ಲ ಕೇಳುತ್ತದೆ. ನೆಲದ ಮೈಕಿಗೆ ಮಾತಿಗಿಂತ ಹೆಜ್ಜೆ ಸದ್ದು ಜಾಸ್ತಿ ಬೀಳುತ್ತದೆ, ಆದ್ದರಿಂದ ಎದುರಿನವರು ಮಾತಾಡುವಾಗ ನಡೆಯುವುದನ್ನು ಕಡಿಮೆ ಮಾಡಿ.

ಮಳೆಗಾಲದಲ್ಲಿ ತಗಡಿನ ಸೂರಿನ ಹಾಲಿನಲ್ಲಿ ಆಡಬೇಡಿ ಅಂದರೂ ಮಲೆನಾಡಿನಲ್ಲಿ ಆಡಲೇಬೇಕಾಗುತ್ತದೆ. ಜಡಿಮಳೆ ಹಿಡಿದರೆ ಯಾವ ಗಂಟಲೂ ಅದನ್ನು ಮೀರುವುದಿಲ್ಲ. ಮಾತು ನಿಲ್ಲಿಸಿ, ಕ್ರಿಯೆ ನಿಲ್ಲಿಸಬೇಡಿ: ಲೋಟ ತೊಳೆಯಿರಿ, ಪೇಪರ್ ಮಡಚಿ, ಕಿಟಕಿ ಕಡೆ ನೋಡಿ. ಯಾರ ಮಾತಿನಿಂದ ಮತ್ತೆ ಶುರು ಅನ್ನುವುದನ್ನು ತೀರ್ಮಾನಿಸುವವರು ಯಾರು ಅಂತ ಮೊದಲೇ ಗೊತ್ತಿರಬೇಕು.

ಬೆಳಕನ್ನು ಕೆಳಗೆ ನೋಡಿ ಹುಡುಕಬಾರದು, ಕೆನ್ನೆಯ ಮೇಲೆ ಬೀಳುವ ಪ್ರಖರತೆಯಿಂದ ಗುರುತಿಸಬೇಕು. ಟೆಕ್ನಿಕಲ್ ರಿಹರ್ಸಲ್ ದಿನ ಪ್ರತಿ ಲೈಟಿನೊಳಗೆ ನಿಂತು, ಅಂಚಿನ ತನಕ ನಡೆದು, ಎಲ್ಲಿ ಕಣ್ಣು ಕುಕ್ಕುವುದು ನಿಲ್ಲುತ್ತದೋ ಅಲ್ಲಿಂದ ಅರ್ಧ ಹೆಜ್ಜೆ ಹಿಂದೆ ಬನ್ನಿ. ಬ್ಲ್ಯಾಕೌಟಿಗೆ ಕೆಲವು ಸೆಕೆಂಡು ಮುಂಚೆ ಪ್ರೇಕ್ಷಕರಿಗೆ ಕಾಣದ ಕಡೆಯ ಕಣ್ಣು ಮುಚ್ಚಿಕೊಂಡಿದ್ದರೆ, ಕತ್ತಲಾದ ಮೇಲೆ ಆ ಕಣ್ಣಿಗೆ ದಾರಿ ಬೇಗ ಕಾಣುತ್ತದೆ.

ಜನರಿಂದ ಕಲಿಯುವುದು

ನಗು ತಾಲೀಮಿನಲ್ಲಿ ಸಿಗುವುದಿಲ್ಲ, ಸಹಪಾಠಿಗಳು ನಗುವುದು ನಿಮ್ಮನ್ನು ನೋಡಿ. ನಿಜವಾದ ನಗು ಬಂದಾಗ ಅದು ಜೋರಾಗಿರುವಾಗಲೇ ಮಾತಾಡಿದರೆ ಮಾತು ಹೋಯಿತು. ಪೂರ್ತಿ ಅಡಗುವ ತನಕ ಕಾದರೆ ದೃಶ್ಯ ಹೋಯಿತು. ಏರಿ, ಇಳಿಯಲು ಶುರುವಾದ ಮೇಲೆ ಸ್ವಲ್ಪ ಗಟ್ಟಿಯಾಗಿ ಒಳಗೆ ನುಗ್ಗಬೇಕು. ಕಾಯುವಾಗ ಬೊಂಬೆ ಆಗಬೇಡಿ, ಪಾತ್ರ ಯೋಚಿಸುತ್ತಿರಲಿ. ಎರಡನೇ ಪ್ರದರ್ಶನದಲ್ಲಿ ಅದೇ ಜಾಗದಲ್ಲಿ ನಗುವನ್ನು ನಿರೀಕ್ಷಿಸಿ ಕಾದರೆ ಜನಕ್ಕೆ ವಾಸನೆ ಹತ್ತುತ್ತದೆ, ನಗುವುದಿಲ್ಲ. ಎರಡನೇ ಪ್ರದರ್ಶನ ಸಪ್ಪೆಯಾಗುವುದು ಸಾಮಾನ್ಯವಾಗಿ ಹೀಗೇ: ಮೊದಲ ದಿನದ ಭಯ ಇಲ್ಲ, ಮೊದಲ ದಿನ ಆದದ್ದನ್ನು ನಕಲು ಮಾಡುವ ಆಸೆ ಇದೆ. ಆ ದಿನ ಎದುರಿನ ನಟನ ಒಂದು ಹೊಸ ವಿಷಯ, ಅವನು ಎಲ್ಲೆಲ್ಲಿ ಕಣ್ಣು ತಪ್ಪಿಸುತ್ತಾನೆ ಅನ್ನುವಂಥದ್ದು, ಗಮನಿಸುವ ಕೆಲಸ ಹಚ್ಚಿಕೊಂಡು ರಂಗಕ್ಕೆ ಹೋಗಿ.

ಕೆಮ್ಮು ನಗುವಿಗಿಂತಲೂ ನಂಬಬಹುದಾದ ಸೂಚನೆ. ಗಮನ ಸಡಿಲವಾದಾಗ ಜನ ಕೆಮ್ಮುತ್ತಾರೆ, ಕುರ್ಚಿ ಕಿರುಗುಟ್ಟಿಸುತ್ತಾರೆ. ಯಾವ ಮಾತಿಗೆ ಅಂತ ಒಬ್ಬರು ಹಿಂದೆ ಕೂತು ಸ್ಕ್ರಿಪ್ಟಿನಲ್ಲಿ ಗುರುತು ಹಾಕಲಿ. ಎರಡು ಊರಿನಲ್ಲಿ ಒಂದೇ ಜಾಗದಲ್ಲಿ ಗುರುತು ಬಿದ್ದರೆ ತಪ್ಪು ಪ್ರೇಕ್ಷಕರದ್ದಲ್ಲ.

ಮಾತು ಮರೆತರೆ ವಿಂಗಿನ ಕಡೆ ನೋಡಬೇಡಿ. ಉಸಿರು ಬಿಟ್ಟು, ಎದುರಿನವರನ್ನು ನೋಡಿ, ಆ ಕ್ಷಣದ ಕ್ರಿಯಾಪದವನ್ನು ನೆನಪಿಸಿಕೊಳ್ಳಿ. "ಮಾತು ತಪ್ಪಿಸು" ಅನ್ನುವುದು ನೆನಪಿದ್ದರೆ ಸಾಲು ಹಿಂದೆಯೇ ಬರುತ್ತದೆ, ಬಾರದಿದ್ದರೂ ಅದೇ ಅರ್ಥದ ಇನ್ನೊಂದು ಬರುತ್ತದೆ. ಸಹನಟ ನೆರವಾಗುವುದಾದರೆ ಹೌದು-ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಕೇಳಲಿ: "ಬ್ರೋಕರ್ ಬರೋದು ನಿಂಗೆ ಇಷ್ಟ ಇಲ್ವಾ?" "ಏನೋ ಹೇಳ್ತಿದ್ದೆ, ಹೇಳು" ಅಂದರೆ ಮರೆತವನನ್ನು ಬಾವಿಗೆ ತಳ್ಳಿದ ಹಾಗೆ. ಒಂದು ಪುಟವೇ ಹಾರಿಹೋದರೆ ಹಿಂದಕ್ಕೆ ಹೋಗಬೇಡಿ. ಇದು ಗೊತ್ತಾಗದಿದ್ದರೆ ಕಥೆ ನಿಲ್ಲುವುದಿಲ್ಲ ಅನ್ನುವ ನಾಲ್ಕೈದು ಸಂಗತಿಗಳನ್ನು ತಂಡವಿಡೀ ಮೊದಲೇ ಪಟ್ಟಿ ಮಾಡಿಕೊಂಡಿದ್ದರೆ, ಹಾರಿದ ಪುಟದಲ್ಲಿ ಅಂಥದ್ದೇನಾದರೂ ಇದ್ದರೆ ಮಾತ್ರ ಯಾರಾದರೂ ಮುಂದೆ ಸೇರಿಸಿಕೊಳ್ಳಬಹುದು.

ಯುವಜನೋತ್ಸವದ ಏಕಾಂಕ ಸ್ಪರ್ಧೆಗಳ ಬಗ್ಗೆ ಒಂದು ತಕರಾರು. 30 ನಿಮಿಷದ ಮಿತಿ, ತೀರ್ಪುಗಾರರು, ಒಂದೇ ಪ್ರದರ್ಶನ. ಮೊದಲ ಐದು ನಿಮಿಷದಲ್ಲಿ ಬೆರಗುಗೊಳಿಸುವ ಅವಸರದಲ್ಲಿ ಎಲ್ಲರೂ ತಮಟೆ, ಹೊಗೆ, ಗುಂಪು ಚಲನೆ ಹೇರುತ್ತಾರೆ. ಬಹುಮಾನ ಬರಬಹುದು, ಇಬ್ಬರು ಎದುರುಬದುರು ಕೂತು ಮಾತಾಡುವುದು ಬರುವುದಿಲ್ಲ. ಅದೇ ಏಕಾಂಕವನ್ನು ಸ್ಪರ್ಧೆ ಮುಗಿದ ಮೇಲೆ ಅರಸೀಕೆರೆಯಲ್ಲೊಂದು, ಬೇಲೂರಿನಲ್ಲೊಂದು, ಯಾವುದಾದರೂ ಹಳ್ಳಿಯ ಶಾಲೆಯ ಮುಂದೊಂದು ಆಡಿ. ಹಳ್ಳಿಯಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ಆಡುವ ಹವ್ಯಾಸಿಗಳು ಸಿಕ್ಕರೆ ಅವರ ಹಾರ್ಮೋನಿಯಂ ಮೇಷ್ಟ್ರ ತಾಲೀಮಿಗೆ ಹೋಗಿ ಕೂರಿ. ಆ ಶೈಲಿ ನಿಮ್ಮ ನಾಟಕಕ್ಕೆ ಹೊಂದಲಿಕ್ಕಿಲ್ಲ. ಆದರೆ ಕಂದಪದ್ಯದ ಕೊನೆಯ ಅಕ್ಷರದ ತನಕ ಉಸಿರು ಉಳಿಸಿಕೊಳ್ಳುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರು ಕಡಿಮೆ.

ಪ್ರದರ್ಶನದ ರಾತ್ರಿ ತಪ್ಪು ಒಪ್ಪು ಚರ್ಚೆ ಬೇಡ, ಮರುದಿನ ಇಟ್ಟುಕೊಳ್ಳಿ. ಮುಂದಿನ ಪ್ರದರ್ಶನಕ್ಕೆ ಒಬ್ಬೊಬ್ಬರೂ ಒಂದೇ ಒಂದು ವಿಷಯ ಬದಲಿಸಿ. ಐದು ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ, ಸಹನಟರಿಗೂ ದಿಕ್ಕು ತಪ್ಪುತ್ತದೆ.

ನೋಡುವುದೂ ಕಲಿಕೆಯೇ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸುತ್ತಿರುವ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಇವೆಲ್ಲ ಒಂದೇ ನಾಟಕವನ್ನು ಊರೂರಿಗೆ ಒಯ್ಯುವ ತಂಡಗಳು. ಒಂದೇ ನಾಟಕವನ್ನು ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ, ನಡುವೆ ಅರುವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಮೊದಲ ಸಲ ಕಥೆ ನೋಡಿ. ಎರಡನೇ ಸಲ ಮಾತಾಡುವವರನ್ನು ಬಿಟ್ಟು, ಆಗ ಸುಮ್ಮನಿರುವವರನ್ನೇ ನೋಡಿ: ಎಲ್ಲಿ ಉಸಿರೆಳೆದರು, ಎಲ್ಲಿ ಭಾರ ಬದಲಿಸಿದರು, ಕೈ ಯಾವ ಕೆಲಸದಲ್ಲಿತ್ತು. ಪುಟ್ಟ ನೋಟ್‌ಬುಕ್ ಜೇಬಿನಲ್ಲಿರಲಿ, ಮೊಬೈಲ್ ತೆಗೆದರೆ ಅದರ ಬೆಳಕು ರಂಗದ ಮೇಲಿನವರ ಕಣ್ಣಿಗೆ ಬೀಳುತ್ತದೆ.